ಮಡಚು ಚಾಕುವಿಗೆ ಸಾಣೆ ಸೆಟ್ಟು: ಮೊದಲು ಹಿಡಿತ ನೋಡಿ, ಕಲ್ಲು ಆಮೇಲೆ

ಶ್ರೀನಿವಾಸಪುರದ ಸುತ್ತಿನ ಮಾವಿನ ನರ್ಸರಿಗಳಲ್ಲಿ ಮುಂಗಾರು ಹಿಡಿಯಿತೆಂದರೆ ಕಸಿ ಕಟ್ಟುವ ಕೆಲಸ ಜೋರು. ಬಾದಾಮಿಯದೋ ಮಲ್ಲಿಕಾದ್ದೋ ಕುಡಿಕಡ್ಡಿ ತೆಗೆದುಕೊಂಡು, ಅದರ ಬುಡವನ್ನು ಎರಡೂ ಕಡೆ 3–4 ಸೆಂ.ಮೀ. ಉದ್ದಕ್ಕೆ ಓರೆಯಾಗಿ ಹೆರೆದು ಬೆಣೆ ಮಾಡಿ, ಸೀಳಿದ ಸಸಿಯೊಳಗೆ ಕೂರಿಸಿ ಪ್ಲಾಸ್ಟಿಕ್ ಪಟ್ಟಿ ಸುತ್ತುತ್ತಾರೆ. ಹರಿತವಾದ ಚಾಕುವಿನಲ್ಲಿ ಒಂದೇ ಎಳೆತಕ್ಕೆ ಕೊಯ್ದ ಮುಖವನ್ನು ಬೆಳಕಿಗೆ ಹಿಡಿದು ನೋಡಿ, ಒದ್ದೆ ಗಾಜಿನ ಹಾಗೆ ಮಿನುಗುತ್ತದೆ. ಮೊಂಡು ಚಾಕುವಿನ ಕೊಯ್ತ ಮಂಕು. ಉಗುರು ಆಡಿಸಿದರೆ ಸಣ್ಣ ಏಣು ಸಿಗುತ್ತವೆ, ಅಂಚಿನ ತೊಗಟೆ ಜಜ್ಜಿರುತ್ತದೆ. ಆ ಏಣಿನಷ್ಟು ಸಂದು ಉಳಿದರೂ ಕಡ್ಡಿಯ ಮತ್ತು ಸಸಿಯ ತೊಗಟೆಯಡಿಯ ಹಸಿ ಪದರಗಳು ಒಂದಕ್ಕೊಂದು ತಾಗುವುದಿಲ್ಲ, ಕಸಿ ಹಿಡಿಯುವುದಿಲ್ಲ.

ಜೇಬಿನ ಮಡಚು ಚಾಕುವಿನ ಬಾಯಿಯನ್ನು ಇಷ್ಟು ಚೊಕ್ಕವಾಗಿ ಕಟ್ಟಲು ಬರಿಗೈಯಲ್ಲಿ ಸಾಣೆಕಲ್ಲಿನ ಮೇಲೆ ಮಸೆಯುವುದೂ ಸಾಕು, ಕೈ ಪಳಗಿದ್ದರೆ. ಪಳಗದ ಕೈ ಪ್ರತಿ ಎಳೆತಕ್ಕೂ ಎರಡು ಮೂರು ಡಿಗ್ರಿ ಅಲುಗುತ್ತದೆ. ಆಗ ಬಾಯಿ ಚೂಪಾಗುವ ಬದಲು ಉರುಟಾಗುತ್ತದೆ. ಈ ಅಲುಗಾಟ ತಪ್ಪಿಸುವುದಕ್ಕೇ ಗೈಡ್ ಇರುವ ಸಾಣೆ ಸೆಟ್ಟುಗಳು ಬಂದಿರುವುದು: ಅಲಗಿಗೂ ಕಲ್ಲಿಗೂ ನಡುವಿನ ಕೋನವನ್ನು ಕೈ ಬದಲು ಒಂದು ಕಬ್ಬಿಣದ ಕಡ್ಡಿಯೋ ಚೌಕಟ್ಟೋ ಕಾಯುತ್ತದೆ. ಆನ್‌ಲೈನ್‌ನಲ್ಲಿ ಇವನ್ನು ಮಾರುವವರು ಮುಂದೆ ಮಾಡುವುದು ಕಲ್ಲುಗಳ ಸಂಖ್ಯೆಯನ್ನು. ಹತ್ತು ಕಲ್ಲು, ಹದಿನಾಲ್ಕು ಕಲ್ಲು, 3000 ಗ್ರಿಟ್‌ವರೆಗೆ ಎಂದು. ಗ್ರಿಟ್ ಎಂದರೆ ಕಲ್ಲಿನ ಕಣದ ಅಳತೆ, ಅಂಕಿ ಏರಿದಷ್ಟೂ ಕಲ್ಲು ನಯ. ಕಲ್ಲುಗಳ ಸಂಖ್ಯೆ ನೋಡಿ ಕೊಂಡರೆ ಮೋಸ ಹೋಗುತ್ತೀರಿ. ಕಲ್ಲನ್ನು ನಾಳೆ ಬೇರೆ ತರಬಹುದು. ಅಲಗನ್ನು ಹಿಡಿಯುವ ಕ್ಲ್ಯಾಂಪು ಸಡಿಲವಿದ್ದರೆ ಸೆಟ್ಟೇ ದಂಡ.

ಪೇಟೆಯಲ್ಲಿರುವುದು ಮುಖ್ಯವಾಗಿ ನಾಲ್ಕು ಜಾತಿ. ಲ್ಯಾನ್ಸ್ಕಿ ಮಾದರಿಯಲ್ಲಿ ಅಲಗಿನ ಬೆನ್ನನ್ನು ಒಂದು ಕ್ಲ್ಯಾಂಪು ಕಚ್ಚುತ್ತದೆ, ಕ್ಲ್ಯಾಂಪಿನ ಹಿಂದೆ 17, 20, 25, 30 ಡಿಗ್ರಿಯ ತೂತುಗಳು, ಆ ತೂತಿನಲ್ಲಿ ಜಾರುವ ಕಡ್ಡಿಗೆ ಕಲ್ಲು ಕಟ್ಟಿರುತ್ತದೆ. ಕೆಎಂಇ, ವರ್ಕ್ ಶಾರ್ಪ್ ಪ್ರಿಸಿಷನ್ ಅಡ್ಜಸ್ಟ್ ಇದೇ ಕುಲದವು. ಅವುಗಳಲ್ಲಿ ತೂತಿನ ಬದಲು ತಿರುಪು ತಿರುಗಿಸಿ ಬೇಕಾದ ಕೋನ ಇಡಬಹುದು. ಪ್ರಿಸಿಷನ್ ಅಡ್ಜಸ್ಟ್‌ನದು 15ರಿಂದ 30 ಡಿಗ್ರಿ. ಎಡ್ಜ್ ಪ್ರೊ ಎಪೆಕ್ಸ್‌ನಲ್ಲಿ ಕ್ಲ್ಯಾಂಪೇ ಇಲ್ಲ, ಅಲಗನ್ನು ಪುಟ್ಟ ಮೇಜಿನ ಮೇಲೆ ಬೆರಳಿನಿಂದ ಒತ್ತಿ ಹಿಡಿಯಬೇಕು. ಅಗ್ಗದ ರುಯಿಕ್ಸಿನ್ ಸೆಟ್ಟುಗಳು ಕಂಬದ ಮೇಲೆ ಕಡ್ಡಿ ಜಾರುವ ವಿನ್ಯಾಸವನ್ನು ಇದರಿಂದಲೇ ಎತ್ತಿಕೊಂಡಿವೆ. ವಿಕೆಡ್ ಎಡ್ಜ್ ಎರಡೂ ಬದಿಗೆ ಎರಡು ಕಲ್ಲು ಇಟ್ಟು ಒಂದಾದ ಮೇಲೊಂದರಂತೆ ಮಸೆಯುವ ದುಬಾರಿ ಯಂತ್ರ. ಜೇಬಿನ ಒಂದೆರಡು ಚಾಕುವಿಗೆ ಅದು ಹೊರೆ. ನಾಲ್ಕನೆಯದು ಸ್ಪೈಡರ್ಕೊ ಶಾರ್ಪ್‌ಮೇಕರ್‌ನಂಥ ವಿ ಆಕಾರದ ಸೆಟ್ಟು: ಎರಡು ತ್ರಿಕೋನ ಸಿರಾಮಿಕ್ ಕೋಲುಗಳು ಬದಿಗೆ 15 ಇಲ್ಲವೆ 20 ಡಿಗ್ರಿ ವಾಲಿ ನಿಲ್ಲುತ್ತವೆ, ಚಾಕುವನ್ನು ನೆಟ್ಟಗೆ ಹಿಡಿದು ಮೇಲಿಂದ ಕೆಳಕ್ಕೆ ಎಳೆದರಾಯಿತು. ಓರೆಯನ್ನು ಅಂದಾಜು ಮಾಡುವುದಕ್ಕಿಂತ ನೆಟ್ಟಗೆ ಹಿಡಿಯುವುದು ಕಣ್ಣಿಗೆ ಸುಲಭ ಎನ್ನುವುದೇ ಇದರ ಗುಟ್ಟು. ಇನ್ನು ಅಂಗಡಿಯಲ್ಲಿ ಸಿಗುವ, ಸಂದಿಯಲ್ಲಿ ಚಾಕು ಎಳೆಯುವ ಡಬ್ಬಿ ಇದೆಯಲ್ಲ, ಅದನ್ನು ಈ ಲೆಕ್ಕಕ್ಕೇ ಸೇರಿಸಬೇಡಿ. ಅದರೊಳಗಿನ ಕಾರ್ಬೈಡ್ ಹಲ್ಲು ಬಾಯಿಯ ಉಕ್ಕನ್ನು ಮಸೆಯುವುದಿಲ್ಲ, ಸುಲಿದು ತೆಗೆಯುತ್ತದೆ.

ಸಣ್ಣ ಅಲಗಿನ ಲೆಕ್ಕ

ಅಡುಗೆಮನೆ ಚಾಕುವಿಗೆ ಹೊಗಳಿಸಿಕೊಂಡ ಸೆಟ್ಟು ಜೇಬಿನ ಚಾಕುವಿಗೆ ಏಕೆ ಕೈಕೊಡುತ್ತದೆ ಎಂಬುದಕ್ಕೆ ಉತ್ತರ ಅಲಗಿನ ಅಗಲದಲ್ಲಿದೆ. ಕಲ್ಲು ಅಲಗಿನ ಮೇಲೆ ಓರೆಯಾಗಿ ಮಲಗಿ ಬರುವಾಗ ಕ್ಲ್ಯಾಂಪಿನ ದವಡೆಗೆ ತಾಗಬಾರದು. ದವಡೆ ಅಲಗಿನ ಮೈಯಿಂದ 4 ಮಿ.ಮೀ. ಉಬ್ಬಿದೆ ಅನ್ನಿ. ಚಾಕು 12 ಮಿ.ಮೀ. ಅಗಲದ್ದು, ಬೆನ್ನಿನ ಕಡೆ 4 ಮಿ.ಮೀ. ದವಡೆಯೊಳಗೆ ಹೋಯಿತು. ಹೊರಗೆ ಉಳಿದದ್ದು 8. ಆಗ ಕಲ್ಲು ದವಡೆಯನ್ನು ಸವರದೆ ಬಾಯಿಗೆ ಮುಟ್ಟಬೇಕಾದರೆ ಕೋನ 27 ಡಿಗ್ರಿಯ ಹತ್ತಿರ ಇರಲೇಬೇಕು. ನಿಮಗೆ ಬೇಕಿದ್ದದ್ದು 20. ಅದೇ ದವಡೆಯಲ್ಲಿ 20 ಡಿಗ್ರಿ ಸಿಗಲು 11 ಮಿ.ಮೀ. ಹೊರಗಿರಬೇಕು, 15 ಡಿಗ್ರಿಗೆ 15 ಮಿ.ಮೀ. ಪೆನ್ ಚಾಕುವಿನ ಎರಡನೇ ಅಲಗು ಅಷ್ಟು ಅಗಲವೇ ಇರುವುದಿಲ್ಲ.

ಇದನ್ನು ಗಮನಿಸದೆ ಮಸೆಯುತ್ತ ಹೋದರೆ ಕಲ್ಲು ಬಾಯಿಯನ್ನು ಮುಟ್ಟದೆ ದವಡೆಯ ಅಲ್ಯೂಮಿನಿಯಮ್ಮನ್ನೇ ತಿನ್ನುತ್ತಿರುತ್ತದೆ. ಕಲ್ಲಿನ ಮೇಲೆ ಹೊಳೆಯುವ ಬೂದು ಪಟ್ಟೆ ಕಂಡರೆ ಅದೇ ಕಥೆ. ಹಾಗಾಗಿ ಕೊಳ್ಳುವ ಮೊದಲು ಸ್ಕೇಲು ತೆಗೆದು ನಿಮ್ಮ ಚಾಕುವಿನ ಅತಿ ಕಿರಿದಾದ ಅಲಗು ಎಷ್ಟು ಮಿ.ಮೀ. ಎಂದು ಅಳೆದಿಟ್ಟುಕೊಳ್ಳಿ. 16 ಮಿ.ಮೀ.ಗೆ ಮೇಲಿದ್ದರೆ ಕ್ಲ್ಯಾಂಪಿನ ಸೆಟ್ಟು ನಡೆಯುತ್ತದೆ. ಅದಕ್ಕಿಂತ ಕಡಿಮೆ ಇದ್ದರೆ ಮುಂದಕ್ಕೆ ಚೂಪಾಗಿ ಇಳಿಯುವ ತೆಳು ದವಡೆಯ ಕ್ಲ್ಯಾಂಪು ಹುಡುಕಬೇಕು, ಇಲ್ಲವೇ ವಿ ಕೋಲಿಗೆ ಹೋಗಬೇಕು. ವಿ ಕೋಲಿಗೆ ಅಲಗಿನ ಅಗಲದ ಹಂಗಿಲ್ಲ.

ಹಿಡಿತದ ಇನ್ನೊಂದು ತೊಡಕು ಅಲಗಿನ ಮೈ. ಬೆನ್ನಿನಿಂದ ಬಾಯಿಯವರೆಗೂ ಒಂದೇ ಸಮ ತೆಳುವಾಗುತ್ತ ಬರುವ ಅಲಗನ್ನು ಸಮಾನಾಂತರ ದವಡೆ ಪೂರ್ತಿ ಕಚ್ಚುವುದಿಲ್ಲ, ಬೆನ್ನಿನ ಅಂಚಿನಲ್ಲಿ ಒಂದು ಗೆರೆಯಷ್ಟೇ ಹಿಡಿಯುತ್ತದೆ. ಒತ್ತಿದರೆ ಅಲಗು ಒಂದು ಕಡೆಗೆ ವಾಲುತ್ತದೆ. ಒಂದೂವರೆ ಡಿಗ್ರಿ ವಾಲಿದರೆ ಒಂದು ಬದಿ 21.5, ಇನ್ನೊಂದು 18.5, ಒಂದು ಬದಿಯ ಓರೆ (ಬಾಯಿಯತ್ತ ಇಳಿಯುವ ಮಸೆದ ಪಟ್ಟಿ) ಅಗಲ, ಇನ್ನೊಂದರದು ಕಿರಿದು. ಬೆನ್ನಿಗೆ ಒಂದು ಸುತ್ತು ಮಾಸ್ಕಿಂಗ್ ಟೇಪು ಇಲ್ಲವೆ ತೆಳು ತೊಗಲಿನ ಚೂರು ಹಾಕಿದರೆ ಬಹುಪಾಲು ಸರಿಹೋಗುತ್ತದೆ. ಕಲ್ಲಿನಿಂದ ಉದುರುವ ಪುಡಿ ದವಡೆಯ ಸಂದಿಗೆ ಸೇರಿ ಅಲಗಿನ ಮೈ ಗೀರುವುದೂ ಆ ಟೇಪಿನಿಂದ ತಪ್ಪುತ್ತದೆ. ಪ್ಲಾಸ್ಟಿಕ್ ದವಡೆಗೆ ಈ ಚಿಕಿತ್ಸೆ ನಾಟುವುದಿಲ್ಲ, ಏಕೆಂದರೆ ಅಲ್ಲಿ ಬಾಗುವುದು ದವಡೆಯೇ.

ಡಿಗ್ರಿ ಎಂಬ ಅಂದಾಜು

ತೂತಿನ ಪಕ್ಕ 20 ಎಂದು ಕೊರೆದಿದ್ದ ಮಾತ್ರಕ್ಕೆ ಬಾಯಿಗೆ 20 ಸಿಗುವುದಿಲ್ಲ. ಕೋನ ನಿರ್ಧಾರವಾಗುವುದು ಎರಡು ಅಳತೆಯಿಂದ: ಕಡ್ಡಿ ಜಾರುವ ಬಿಂದು ಅಲಗಿನ ಮಟ್ಟದಿಂದ ಎಷ್ಟು ಎತ್ತರ, ಬಾಯಿಯಿಂದ ಎಷ್ಟು ದೂರ. ಎತ್ತರ 50 ಮಿ.ಮೀ., ದೂರ 137 ಮಿ.ಮೀ. ಇದ್ದರೆ 20 ಡಿಗ್ರಿ. ಅಗಲದ ಅಲಗು ಹಾಕಿ ದೂರ 155 ಆದರೆ ಸುಮಾರು 18ಕ್ಕೆ ಇಳಿಯುತ್ತದೆ, 120 ಆದರೆ 22.6ಕ್ಕೆ ಏರುತ್ತದೆ. ಸಂಖ್ಯೆ ತಿಳಿಯಲೇಬೇಕೆಂದರೆ ಅಲಗನ್ನು ಸಮತಟ್ಟಾಗಿ ಇಟ್ಟು ಮೊಬೈಲಿನ ಮಟ್ಟ ನೋಡುವ ಆ್ಯಪನ್ನು ಕಲ್ಲಿನ ಬೆನ್ನ ಮೇಲೆ ಇಟ್ಟು ನೋಡಬಹುದು. ನಿಜ ಹೇಳಬೇಕೆಂದರೆ ಸಂಖ್ಯೆ 19 ಬಂದರೂ 21 ಬಂದರೂ ಚಾಕುವಿಗೆ ಅಷ್ಟೇನೂ ಬಾಧೆ ಇಲ್ಲ. ಮುಂದಿನ ಸಲವೂ ಅದೇ ಕೋನ ಬರಬೇಕು, ಅದು ಮುಖ್ಯ. ಅದಕ್ಕೇ ಅಲಗಿನ ಬುಡದಿಂದ ಎಷ್ಟು ಮಿ.ಮೀ. ದೂರದಲ್ಲಿ ಕ್ಲ್ಯಾಂಪು ಕಚ್ಚಿಸಿದಿರಿ, ಯಾವ ತೂತು, ಎಷ್ಟು ಅಲಗು ಹೊರಗಿತ್ತು ಎಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿಡಿ.

ಈಗ ಬಹಳ ಜನ ತಪ್ಪು ತಿಳಿದಿರುವ ಒಂದು ವಿಷಯ. ಚಾಕುವಿನ ತುದಿ ಕಡ್ಡಿಯ ಬಿಂದುವಿನಿಂದ ದೂರ ಇರುವುದರಿಂದ ಅಲ್ಲಿ ಕೋನ ಕಮ್ಮಿಯಾಗುತ್ತದೆ ಎನ್ನುತ್ತಾರೆ. ಬಾಯಿ ನೇರವಾಗಿದ್ದರೆ ಹಾಗಾಗುವುದಿಲ್ಲ. ಒಂದು ನೇರ ಗೆರೆ, ಅದರ ಹೊರಗೆ ಒಂದು ಬಿಂದು ಇದ್ದರೆ ಎರಡನ್ನೂ ಮುಟ್ಟುವ ಚಪ್ಪಟೆ ಹಲಗೆ ಒಂದೇ ಒಂದು. ಕಲ್ಲು ಆ ಹಲಗೆಯ ಹಾಗೆ. ಬುಡದಲ್ಲಿದ್ದರೂ ತುದಿಯಲ್ಲಿದ್ದರೂ ಓರೆ ಒಂದೇ. ಕೋನ ಬದಲಾಗುವುದು ಬಾಯಿ ಬಾಗಲು ಶುರುವಾದ ಜಾಗದಿಂದ, ಅಂದರೆ ಚಾಕುವಿನ ಹೊಟ್ಟೆಯಲ್ಲಿ. ಅಲ್ಲಿ ಲೆಕ್ಕಕ್ಕೆ ಬರುವ ದೂರ ಕಡ್ಡಿಯ ಬಿಂದುವಿನಿಂದ ತುದಿಗೆ ಇರುವ ದೂರವಲ್ಲ. ಬಾಗಿನ ಆ ಜಾಗಕ್ಕೆ ಸ್ಕೇಲನ್ನು ತಾಗಿಸಿಟ್ಟರೆ ಸ್ಕೇಲಿನ ಗೆರೆ ಎಲ್ಲಿ ಹೋಗುತ್ತದೋ, ಆ ಗೆರೆಗೆ ಬಿಂದುವಿನಿಂದ ಲಂಬವಾಗಿ ಇರುವ ದೂರ.

ಹಾಗಾದರೆ ಮಾಡಬೇಕಾದ್ದೇನು? ಕ್ಲ್ಯಾಂಪನ್ನು ಬುಡದ ಕಡೆ ಸರಿಸಿದರೆ ತುದಿಯ ಬಾಗಿನಲ್ಲಿ ಆ ಲಂಬ ದೂರ ಹೆಚ್ಚಿ ಕೋನ ಕಿರಿದಾಗುತ್ತದೆ, ತುದಿಯ ಓರೆ ಅಗಲವಾಗಿ ಹರಡುತ್ತದೆ. ತುದಿಯ ಕಡೆ ತೀರಾ ಸರಿಸಿದರೆ ಉಲ್ಟಾ, ತುದಿ ದಪ್ಪ ಕೋನದಲ್ಲಿ ಮೊಂಡಾಗುತ್ತದೆ. ನಡುವೆ ಎಲ್ಲೋ ಒಂದು ಜಾಗದಲ್ಲಿ ಎರಡೂ ಸಮ. ಅದನ್ನು ಹುಡುಕಲು ಕಪ್ಪು ಮಾರ್ಕರ್ ಸಾಕು. ಓರೆಯ ಉದ್ದಕ್ಕೂ ಬಳಿಯಿರಿ, ಅತಿ ನಯದ ಕಲ್ಲನ್ನು ಒತ್ತಡವಿಲ್ಲದೆ ಎರಡು ಮೂರು ಸಲ ಎಳೆಯಿರಿ, ಭೂತಗನ್ನಡಿಯಲ್ಲಿ ನೋಡಿ. ಶಾಯಿ ಓರೆಯ ಮೇಲಂಚಿನಲ್ಲಿ ಮಾತ್ರ ಹೋಗಿದ್ದರೆ ಕೋನ ಕಿರಿದಾಯಿತು. ಬಾಯಿಯ ಅಂಚಿನಲ್ಲಿ ಮಾತ್ರ ಹೋಗಿದ್ದರೆ ಹೆಚ್ಚಾಯಿತು. ಬುಡದಲ್ಲೂ ಹೊಟ್ಟೆಯಲ್ಲೂ ತುದಿಯಲ್ಲೂ ಪೂರ್ತಿ ಅಗಲಕ್ಕೆ ಅಳಿಸಿದ ಜಾಗವೇ ಕ್ಲ್ಯಾಂಪಿನ ಜಾಗ. ಮೊದಲ ಸಲ ಇದಕ್ಕೆ ಕಾಲು ಗಂಟೆ ಹಿಡಿದರೆ ಬೇಸರ ಬೇಡ.

ಕಲ್ಲುಗಳು

ಮೂರು ಸಾಕು. 300–400 ಗ್ರಿಟ್ಟಿನದು ಹೊಸದಾಗಿ ಓರೆ ಕಟ್ಟಲು, 600ರದು ಗೀರು ಅಳಿಸಲು, 1000–1200ರದು ಮುಗಿಸಲು. ಕಸಿಗೆ ಇದರ ಮೇಲೆ ಹಸಿರು ಕ್ರೋಮಿಯಂ ಆಕ್ಸೈಡ್ ಬಳಿದ ಒಂದು ತೊಗಲಿನ ಪಟ್ಟಿ. ಹಗ್ಗ, ಗೋಣಿದಾರ, ಡ್ರಿಪ್ ಪೈಪು ಕೊಯ್ಯುವ ಚಾಕುವನ್ನು 600ಕ್ಕೇ ನಿಲ್ಲಿಸುವುದು ಒಳ್ಳೆಯದು. ಬಾಯಿಯಲ್ಲಿ ಉಳಿಯುವ ಸಣ್ಣ ಗರಗಸದಂಥ ಹಲ್ಲು ನಾರನ್ನು ಹಿಡಿದು ಕೊಯ್ಯುತ್ತದೆ, ಕನ್ನಡಿಯಂತೆ ಹೊಳೆಯುವ ಬಾಯಿ ಹಗ್ಗದ ಮೇಲೆ ಜಾರುತ್ತದೆ. ಕಾಗದ ಕೊಯ್ದು ವಿಡಿಯೊ ಹಾಕುವವರಿಗೆ ಹೊಳಪು ಬೇಕು, ಬಿಡಿ.

ಕಲ್ಲಿನ ದಪ್ಪವನ್ನು ಯಾರೂ ಕೇಳುವುದಿಲ್ಲ, ಕೇಳಬೇಕು. ಬಿಂದುವಿನಿಂದ ಬಾಯಿಗೆ 150 ಮಿ.ಮೀ. ಇರುವಾಗ ಒಂದು ಕಲ್ಲಿಗಿಂತ ಮುಂದಿನ ಕಲ್ಲು 2 ಮಿ.ಮೀ. ದಪ್ಪಗಿದ್ದರೆ ಕೋನ ಮುಕ್ಕಾಲು ಡಿಗ್ರಿ ಬದಲಾಗುತ್ತದೆ. ಕೇಳಲು ಅಲ್ಪ. ಆದರೆ ನಯದ ಕಲ್ಲು ಬಾಯಿಯ ಅಂಚನ್ನು ಮುಟ್ಟದೆ ಓರೆಯ ಮೇಲಂಚನ್ನೇ ಉಜ್ಜುತ್ತಿರಲು ಅಷ್ಟು ಸಾಕು. ಎಷ್ಟು ಮಸೆದರೂ ಹರಿತ ಬರುವುದಿಲ್ಲ ಎಂಬ ದೂರಿನ ಹಿಂದೆ ಸಾಮಾನ್ಯವಾಗಿ ಇದೇ ಇರುತ್ತದೆ. ಎಲ್ಲ ಕಲ್ಲೂ ಒಂದೇ ದಪ್ಪದ ಲೋಹದ ಪಟ್ಟಿಗೆ ಅಂಟಿಸಿದ ಡೈಮಂಡ್ ಸೆಟ್ಟಿನಲ್ಲಿ ಈ ತಲೆನೋವಿಲ್ಲ. ಮಸೆದಂತೆ ಸವೆಯುವ ಕಲ್ಲಾದರೆ ಪ್ರತಿ ಸಲ ಕಲ್ಲು ಬದಲಿಸಿದಾಗಲೂ ಮಾರ್ಕರ್ ಪರೀಕ್ಷೆ ಮಾಡಿಯೇ ಮುಂದುವರಿಯಬೇಕು. ಲ್ಯಾನ್ಸ್ಕಿಯಲ್ಲಿ ಕಡ್ಡಿಯನ್ನು ಕಲ್ಲಿನ ಹಿಡಿಗೆ ತಿರುಪಿನಿಂದ ಸೇರಿಸುವುದು. ತಿರುಪು ಬಿಗಿಯುವ ಮೊದಲು ಕಲ್ಲನ್ನೂ ಕಡ್ಡಿಯನ್ನೂ ಗಾಜಿನ ಮೇಲಿಟ್ಟು ಎರಡೂ ಒಂದೇ ಮಟ್ಟಕ್ಕೆ ಕೂತಿವೆಯೇ ನೋಡಿ. ವಾರೆ ಕೂತರೆ ಪ್ರತಿ ಕಲ್ಲಿಗೂ ಬೇರೆ ಬೇರೆ ಕೋನ.

ಅಗಲವೂ ಮುಖ್ಯ. ಎಡ್ಜ್ ಪ್ರೊ ಅಳತೆಯ ಕಲ್ಲು 1 ಇಂಚು ಅಗಲ, 6 ಇಂಚು ಉದ್ದ. ನೇರ ಬಾಯಿಗೆ ಚೆನ್ನ. ಮಡಚು ಚಾಕುವಿನ ಹಿಡಿಗೆ ಒತ್ತಿಕೊಂಡ ಬುಡದಲ್ಲಿ ಅದು ಹಿಡಿಯ ಲೋಹಕ್ಕೆ ಡಿಕ್ಕಿ ಹೊಡೆಯುತ್ತದೆ, ಬುಡದ ನಾಲ್ಕೈದು ಮಿ.ಮೀ. ಮಸೆಯದೆ ಉಳಿಯುತ್ತದೆ. ಲ್ಯಾನ್ಸ್ಕಿಯ ಕಿರಿದಾದ ಕಲ್ಲು ಅಲ್ಲಿಗೆ ನುಗ್ಗುತ್ತದೆ. ಸವರುಗತ್ತಿಯ ಹಾಗೆ ಒಳಕ್ಕೆ ಬಾಗಿದ ಅಲಗಿಗೆ ಚಪ್ಪಟೆ ಕಲ್ಲಿನ ಮೂಲೆ ಮಾತ್ರ ತಾಗುವುದು. ಅದಕ್ಕೆ ಕೋಲೇ ಬೇಕು.

ಡೈಮಂಡ್ ಪ್ಲೇಟನ್ನು ಒತ್ತಿ ಉಜ್ಜಬಾರದು. ನಿಕ್ಕಲ್ ಲೇಪದಲ್ಲಿ ಹುದುಗಿರುವ ಹರಳು ಕಿತ್ತುಬರುತ್ತದೆ, ಪ್ಲೇಟು ನುಣ್ಣಗಾಗಿ ಕೆಲಸಕ್ಕೆ ಬಾರದಾಗುತ್ತದೆ. ಅಡುಗೆಮನೆಯ ತಕ್ಕಡಿಯ ಮೇಲೆ ಬೆರಳಿಟ್ಟು 200 ಗ್ರಾಂ ತೋರಿಸುವಷ್ಟು ಒತ್ತಿ ನೋಡಿ, ಅಷ್ಟೇ ಭಾರ ಸಾಕು. ಇನ್ನು ನೀರು. ಕೋಲಾರದ ಬೋರ್‌ವೆಲ್ ನೀರು ಎಷ್ಟು ಗಡಸೆಂದು ಇಲ್ಲಿ ಸ್ನಾನದ ಬಕೆಟ್ಟು ನೋಡಿದವರಿಗೆ ಹೇಳಬೇಕಿಲ್ಲ. ಕಲ್ಲಿನ ಮೇಲೆ ಆ ನೀರು ಒಣಗಿದರೆ ಬಕೆಟ್ಟಿಗೆ ಕಟ್ಟುವ ಬಿಳಿ ಪದರ ಕಲ್ಲಿನ ರಂಧ್ರದಲ್ಲೂ ಕಟ್ಟುತ್ತದೆ. ಕುಡಿಯುವ ಕ್ಯಾನಿನ ನೀರಿಗೆ ಒಂದು ತೊಟ್ಟು ಪಾತ್ರೆ ತೊಳೆಯುವ ಲಿಕ್ವಿಡ್ ಬೆರೆಸಿ ಬಳಸಿ, ಕೆಲಸ ಮುಗಿದ ಮೇಲೆ ಒರೆಸಿ ಒಣಗಿಸಿ. ಲ್ಯಾನ್ಸ್ಕಿಯ ಕಲ್ಲು ಎಣ್ಣೆಯದು. ತೆಳು ಮೆಷಿನ್ ಎಣ್ಣೆ ಆಗುತ್ತದೆ. ಅಡುಗೆ ಎಣ್ಣೆ ದಿನ ಕಳೆದಂತೆ ಜಿಗುಟಾಗಿ ಕಲ್ಲು ಕಟ್ಟಿಕೊಳ್ಳುತ್ತದೆ.

ಕಸಿ ಚಾಕುವಿಗೆ ಬೇರೆ ಮರ್ಯಾದೆ

ಒಳ್ಳೆಯ ಕಸಿ ಚಾಕುಗಳಲ್ಲಿ ಹಲವು ಒಂದೇ ಬದಿ ಓರೆಯವು, ಇನ್ನೊಂದು ಬದಿ ಹಲಗೆಯಂತೆ ಚಪ್ಪಟೆ. ಚಪ್ಪಟೆ ಬದಿ ಕುಡಿಕಡ್ಡಿಗೆ ಅಂಟಿಕೊಂಡು ಸಾಗುವುದರಿಂದಲೇ ಕೊಯ್ತ ನೆಟ್ಟಗೆ ಬರುತ್ತದೆ. ಗೈಡ್ ಸೆಟ್ಟಿನಲ್ಲಿ ಇದು ಹಾಳಾಗುವುದು ಅಭ್ಯಾಸಬಲದಿಂದ: ಒಂದು ಬದಿ ಮಸೆದ ಕೈ ತಾನಾಗಿಯೇ ಕ್ಲ್ಯಾಂಪು ತಿರುಗಿಸಿ ಇನ್ನೊಂದು ಬದಿಗೂ 20 ಡಿಗ್ರಿ ಹಾಕುತ್ತದೆ. ಆಮೇಲೆ ಚಾಕು ಕುಡಿಕಡ್ಡಿಯಿಂದ ಹೊರಕ್ಕೆ ತಳ್ಳಿಕೊಂಡು ಹೋಗುತ್ತದೆ, ಬೆಣೆಯ ಮುಖ ಉಬ್ಬುತ್ತದೆ. ಚಪ್ಪಟೆ ಬದಿಯನ್ನು ಮತ್ತೆ ಚಪ್ಪಟೆ ಮಾಡಲು ಪೂರ್ತಿ ಮೈ ಸವೆಸಬೇಕು, ಅದು ಒಂದು ಮಧ್ಯಾಹ್ನದ ಕೆಲಸ.

ಸರಿಯಾದ ಕ್ರಮ ಹೀಗೆ. ಮೊದಲು ಮಾವಿನ ಸೊನೆಯನ್ನೋ ಹಲಸಿನ ಮೇಣವನ್ನೋ ಎಣ್ಣೆ ಬಟ್ಟೆಯಿಂದ ಉಜ್ಜಿ ತೆಗೆಯಿರಿ. ಮೇಣ ಅಂಟಿದ್ದರೆ ಕ್ಲ್ಯಾಂಪು ಸಮ ಕೂರುವುದಿಲ್ಲ, ಕಲ್ಲೂ ಕಟ್ಟಿಕೊಳ್ಳುತ್ತದೆ. ಓರೆಯ ಬದಿ ಮೇಲೆ ಬರುವಂತೆ ಕಚ್ಚಿಸಿ, ಮಾರ್ಕರ್ ಬಳಿದು ಕಾರ್ಖಾನೆಯ ಕೋನವನ್ನೇ ಹುಡುಕಿಕೊಳ್ಳಿ. ಆ ಬದಿಯನ್ನು ಮಾತ್ರ ಮಸೆಯಿರಿ, ಬುಡದಿಂದ ತುದಿಯವರೆಗೆ ಇನ್ನೊಂದು ಬದಿಯಲ್ಲಿ ಬರ್ ಏಳುವ ತನಕ. ಬರ್ ಎಂದರೆ ಬಾಯಿಯಂಚಿನಿಂದ ಆಚೆಗೆ ಮಡಚಿಕೊಳ್ಳುವ ಉಕ್ಕಿನ ತೆಳು ಎಳೆ. ಕಣ್ಣಿಗೆ ಕಾಣದಿದ್ದರೂ ಹೆಬ್ಬೆರಳನ್ನು ಬೆನ್ನಿನಿಂದ ಬಾಯಿಯ ಕಡೆಗೆ ಮೆಲ್ಲನೆ ಜಾರಿಸಿದರೆ ತಡೆಯುತ್ತದೆ. ಒಂದು ಇಂಚಿನಷ್ಟು ಜಾಗದಲ್ಲಿ ತಡೆಯದಿದ್ದರೆ ಅಲ್ಲಿ ಇನ್ನೂ ಬಾಯಿ ಕಟ್ಟಿಲ್ಲ, ನಯದ ಕಲ್ಲಿಗೆ ಹೋಗಬೇಡಿ. ಬರ್ ಎದ್ದ ಮೇಲೆ ಚಾಕುವನ್ನು ಕ್ಲ್ಯಾಂಪಿನಿಂದ ಬಿಚ್ಚಿ, ಚಪ್ಪಟೆ ಬದಿಯನ್ನು ಅತಿ ನಯದ ಕಲ್ಲಿನ ಮೇಲೆ ಪೂರ್ತಿ ಮಲಗಿಸಿ ನಾಲ್ಕೈದು ಸಲ ಎಳೆಯಿರಿ. ಕೊನೆಗೆ ತೊಗಲಿನ ಮೇಲೆ, ಬೆನ್ನು ಮುಂದಾಗಿ, ಎರಡೂ ಬದಿ ಹತ್ತು ಹತ್ತು ಸಲ. ತೊಗಲನ್ನು ಒತ್ತಿದರೆ ಅದು ತಗ್ಗಿ ಬಾಯಿಯ ಸುತ್ತ ಮಡಚಿಕೊಂಡು ಅಂಚನ್ನು ಉರುಟು ಮಾಡುತ್ತದೆ.

ಎರಡು ಬದಿ ಓರೆಯ ಚಾಕುವಿಗೂ ಇದೇ ಕ್ರಮ. ವ್ಯತ್ಯಾಸ ಇಷ್ಟೆ, ಒಂದು ಬದಿಯಲ್ಲಿ ಬರ್ ಎದ್ದ ಮೇಲೆ ಕ್ಲ್ಯಾಂಪು ತಿರುಗಿಸಿ ಇನ್ನೊಂದು ಬದಿಯಲ್ಲೂ ಎಬ್ಬಿಸಿ, ಆಮೇಲೆ ಬದಿಗೆ ಐದು, ಮೂರು, ಒಂದು ಎಳೆತದಂತೆ ಅದಲುಬದಲು ಮಾಡುತ್ತ ಬರಬೇಕು. ತುದಿಯಲ್ಲಿ ಕಲ್ಲು ಪೂರ್ತಿ ಹೊರಗೆ ಜಾರಲು ಬಿಡಬೇಡಿ. ಕಲ್ಲಿನ ಅರ್ಧ ಅಗಲ ಅಲಗಿನ ಮೇಲಿರುವಾಗಲೇ ನಿಲ್ಲಿಸಿ, ಇಲ್ಲವಾದರೆ ಚೂಪು ತುದಿ ಗುಂಡಾಗುತ್ತದೆ.

ಕೋನ ಇಳಿಸುವ ಆಸೆಗೆ ಒಂದು ಲೆಕ್ಕ ನೆನಪಿರಲಿ. ಬಾಯಿಯ ಹಿಂದೆ ಅಲಗು 0.5 ಮಿ.ಮೀ. ದಪ್ಪ ಇದ್ದರೆ ಬದಿಗೆ 20 ಡಿಗ್ರಿಯಲ್ಲಿ ಓರೆಯ ಅಗಲ 0.73 ಮಿ.ಮೀ., 15 ಡಿಗ್ರಿಯಲ್ಲಿ 0.97. ಕಾಣುವುದು ಕಾಲು ಮಿ.ಮೀ. ವ್ಯತ್ಯಾಸ, ಆದರೆ ಆ ಉಕ್ಕನ್ನೆಲ್ಲ 400ರ ಕಲ್ಲಿನಿಂದ ತೆಗೆಯಬೇಕು. ಸಿರಾಮಿಕ್ ಕೋಲು ಮಾತ್ರ ಇರುವ ವಿ ಸೆಟ್ಟಿನಲ್ಲಿ ಇದಕ್ಕೆ ಇಳಿದರೆ ಕೈ ಸೋಲುತ್ತದೆ, ಅಲಗು ಸೋಲುವುದಿಲ್ಲ. ವಿಕ್ಟೋರಿನಾಕ್ಸ್‌ನಂಥ ಮೆದು ಉಕ್ಕಿನ ಜೇಬಿನ ಚಾಕುವಿಗೆ ಬದಿಗೆ 20ರ ಆಸುಪಾಸು ಸಾಕು. ಇನ್ನೂ ಕಿರಿದು ಮಾಡಿದರೆ ಒಂದು ಗಟ್ಟಿ ಕಡ್ಡಿ ಕೊಯ್ದಾಗಲೇ ಬಾಯಿ ಮಗುಚುತ್ತದೆ.

ಹಾಗಾದರೆ ಯಾವುದು ಕೊಳ್ಳಬೇಕು? ನರ್ಸರಿಯಲ್ಲಿ ನಾಲ್ಕಾರು ಚಾಕು ನೋಡಿಕೊಳ್ಳಬೇಕಾದವರಿಗೆ ಲೋಹದ ದವಡೆಯ, ಕೋನ ತಿರುಗಿಸಬಹುದಾದ ಕ್ಲ್ಯಾಂಪು, ಒಂದೇ ದಪ್ಪದ ಮೂರು ಡೈಮಂಡ್ ಪ್ಲೇಟು. ಕಿರಿದಾದ ಪೆನ್ ಚಾಕು ಒಂದೇ ಇರುವವರಿಗೆ ವಿ ಕೋಲು. ದಿನಾ ತೋಟದಲ್ಲಿರುವವರ ಚೀಲಕ್ಕೆ ವರ್ಕ್ ಶಾರ್ಪ್‌ನ ಗೈಡೆಡ್ ಫೀಲ್ಡ್ ಶಾರ್ಪನರ್‌ನಂಥದ್ದು: ಎರಡು ಡೈಮಂಡ್ ಪ್ಲೇಟು, ಸಿರಾಮಿಕ್ ಕೋಲು, ತೊಗಲು, ಕೊನೆಯಲ್ಲಿ 20 ಡಿಗ್ರಿಯ ಆಸರೆ. ಕ್ಲ್ಯಾಂಪಿಲ್ಲದಿದ್ದರೂ ಪ್ರತಿ ಎಳೆತಕ್ಕೆ ಎಲ್ಲಿಂದ ಶುರು ಮಾಡಬೇಕೆಂದು ಆ ಆಸರೆ ಕೈಗೆ ಹೇಳಿಕೊಡುತ್ತದೆ. ಅಗ್ಗದ ರುಯಿಕ್ಸಿನ್ ನಕಲುಗಳೂ ನಡೆಯುತ್ತವೆ, ಆದರೆ ಒಂದೇ ಹೆಸರಿನ ಎರಡು ಡಬ್ಬಿಯಲ್ಲಿ ಎರಡು ಗುಣ ಇರುವುದುಂಟು.

ಪಾರ್ಸೆಲ್ ಬಂದ ದಿನವೇ, ವಾಪಸ್ ಕೊಡುವ ಗಡುವು ಮುಗಿಯುವ ಮೊದಲು, ಮೂರು ಪರೀಕ್ಷೆ. ಕಡ್ಡಿಯನ್ನು ಗಾಜಿನ ಮೇಲೆ ಉರುಳಿಸಿ, ಕುಣಿದರೆ ಬಾಗಿದೆ. ಕಡ್ಡಿಯನ್ನು ಅದರ ತೂತಿಗೆ ಹಾಕಿ ಮೇಲೆ ಕೆಳಗೆ ಅಲ್ಲಾಡಿಸಿ, ಅರ್ಧ ಮಿ.ಮೀ.ಗಿಂತ ಹೆಚ್ಚು ಆಟ ಇರಬಾರದು. ಚಾಕು ಕಚ್ಚಿಸಿ ಬಾಯಿಯ ಬದಲು ಅಲಗಿನ ಮೈಯನ್ನು ಹೆಬ್ಬೆರಳಿನಿಂದ ಒತ್ತಿ. ಅಲಗು ದವಡೆಯಲ್ಲಿ ಅಲುಗಿದರೆ ಅಂದೇ ವಾಪಸ್ ಕಳಿಸಿ.

ಅಲಗಿನಲ್ಲಿ 1 ಮಿ.ಮೀ.ಗಿಂತ ಆಳದ ಮುಕ್ಕು ಇದ್ದರೆ ಯಾವ ಗೈಡ್ ಸೆಟ್ಟಿಗೂ ಅದು ಗಂಟೆಗಟ್ಟಲೆ ಕೆಲಸ. ಅದನ್ನು ಸೈಕಲ್ ಮೇಲೆ ಸಾಣೆ ಹಿಡಿಯಲು ಬರುವವರ ಹತ್ತಿರ ಕೊಡಿ, ಬಾಯಿ ಕಟ್ಟಬೇಡಿ, ಮುಕ್ಕು ಮಾತ್ರ ತೆಗೆಯಿರಿ ಎಂದು ಹೇಳಿ. ಪಕ್ಕದಲ್ಲಿ ನೀರಿನ ಡಬ್ಬಿ ಇಟ್ಟು ಪ್ರತಿ ಎಳೆತಕ್ಕೂ ಅದ್ದಿಸಿ. ಚಕ್ರದ ಬಿಸಿಗೆ ಅಂಚಿನಲ್ಲಿ ನೀಲಿ ಬಣ್ಣ ಕಂಡರೆ ಅಲ್ಲಿ ಉಕ್ಕು 300 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಹೋಗಿ ಹದ ಕಳೆದುಕೊಂಡಿದೆ ಎಂದರ್ಥ. ಆ ನೀಲಿ ಪೂರ್ತಿ ಸವೆದು ಹೋಗುವವರೆಗೂ ಎಷ್ಟು ಒಳ್ಳೆಯ ಸೆಟ್ಟಿನಲ್ಲಿ ಮಸೆದರೂ ಹರಿತ ಆ ಜಾಗದಲ್ಲಿ ಒಂದು ದಿನವೂ ನಿಲ್ಲುವುದಿಲ್ಲ.